ಒದ್ದೆ ಸೀರೆಯ ಭಾರ

ಅತ್ತೆ ಅವ್ವಮ್ಮನ ಒದ್ದೆ ಸೀರೆ ನೆಲಕ್ಕೆ ಬಿದ್ದ ದಿನ ಶಾಮಲಾಗೆ ಒಳಗೊಳಗೇ ಸಮಾಧಾನವಾಗಿತ್ತು. ಇದನ್ನು ಅವಳು ಯಾರ ಮುಂದೆಯೂ ಬಾಯಿಬಿಟ್ಟು ಹೇಳಿದವಳಲ್ಲ. ಆದರೆ ಆದದ್ದು ಹಾಗೆಯೇ.

ಕರ್ವೆನಗರದ ಆ ಮೂರನೆಯ ಮಹಡಿಯ ಮನೆಯಲ್ಲಿ ಅಡುಗೆಮನೆಯ ಹಿಂದೆ ಒಂದು ಕಿರಿದಾದ ಜಾಗವಿದೆ. ಪುಣೆಯ ಬಿಲ್ಡರುಗಳು ಅದನ್ನು ಡ್ರೈ ಬಾಲ್ಕನಿ ಎನ್ನುತ್ತಾರೆ. ಪಾತ್ರೆ ತೊಳೆಯುವುದು, ವಾಷಿಂಗ್ ಮಷೀನು ತಿರುಗುವುದು, ಅವ್ವಮ್ಮನ ಮಡಿಸೀರೆ ತೊಟ್ಟಿಕ್ಕುವುದು ಎಲ್ಲವೂ ಅಲ್ಲೇ ಆದ್ದರಿಂದ, ಆ ಮನೆಯಲ್ಲಿ ವರ್ಷವಿಡೀ ಒಣಗದ ಜಾಗವೆಂದರೆ ಅದೊಂದೇ. ಅಲ್ಲಿ ಸೂರಿನ ಹತ್ತಿರ ಒಂದು ಗಳ ಕಟ್ಟಿದೆ. ಅವ್ವಮ್ಮ ದಿನಾ ಬೆಳಿಗ್ಗೆ ಸ್ನಾನ ಮಾಡಿ, ಒಂಬತ್ತು ಗಜದ ನೂಲಿನ ಸೀರೆಯನ್ನು ನೀರಿನಲ್ಲಿ ಅದ್ದಿ ಹಿಂಡಿ, ಮಡಿಕೋಲಿನ ತುದಿಗೆ ಸಿಕ್ಕಿಸಿ, ಎರಡೂ ಕೈ ಎತ್ತಿ ಆ ಗಳದ ಮೇಲೆ ಹರವುತ್ತಾಳೆ. ಮರುದಿನ ಸ್ನಾನವಾದ ಮೇಲೆ ಅದನ್ನೇ ಕೋಲಿನಿಂದ ಇಳಿಸಿ ಉಟ್ಟು ಅಡುಗೆಗೆ ನಿಲ್ಲುತ್ತಾಳೆ. ಗಳ ಅಷ್ಟು ಎತ್ತರದಲ್ಲಿರುವುದು ಯಾರ ಮೈಯೂ ತಾಗಬಾರದೆಂದು. ಸೀರೆಯನ್ನು ಬೇರೆಯವರು ಮುಟ್ಟಿದರೆ ಮಡಿ ಕೆಟ್ಟಿತು, ಅವಳನ್ನು ಮುಟ್ಟಿದರೂ ಕೆಟ್ಟಿತು. ಕೃಷ್ಣನಿಗೆ ನೈವೇದ್ಯ ತೋರಿಸಿ ಅವಳು ಉಂಡೇಳುವವರೆಗೆ ಅಡುಗೆಮನೆ ಅವಳದು. ಗಂಡ ಶ್ರೀನಾಥನ ಡಬ್ಬಿ, ಮಗಳ ತಿಂಡಿ ಎಲ್ಲವನ್ನೂ ಶಾಮಲಾ ಅದಕ್ಕೂ ಮೊದಲೇ, ಕತ್ತಲಿರುವಾಗಲೇ ಎದ್ದು ಮುಗಿಸಿಕೊಂಡು ಹೊರಗೆ ಬಂದಿರಬೇಕು. ಮದುವೆಯಾಗಿ ಧಾರವಾಡದಿಂದ ಪುಣೆಗೆ ಬಂದ ದಿನದಿಂದ ಇದು ಹೀಗೇ ನಡೆದಿತ್ತು.

ಆ ದಿನ ಕೋಲು ಅರ್ಧ ಎತ್ತರಕ್ಕೆ ಹೋಗಿ ನಡುಗಿತು. ಸೀರೆ ಜಾರಿ ನೆಲದ ಮೇಲೆ ಮುದ್ದೆಯಾಗಿ ಬಿತ್ತು. ಅವ್ವಮ್ಮ ಅದನ್ನು ಮತ್ತೆ ಜಾಲಿಸಿ ಎತ್ತಿದಳು. ಮತ್ತೆ ಬಿತ್ತು. ಆಮೇಲೆ ಅವಳು ಒದ್ದೆ ನೆಲದ ಮೇಲೆ ಸೀರೆಯ ಪಕ್ಕದಲ್ಲೇ ಕೂತುಬಿಟ್ಟಳು. ಏಳಲು ನೋಡಿದಳು, ಆಗಲಿಲ್ಲ. ಬಚ್ಚಲಿನ ಕಡೆಯ ಬಾಗಿಲಲ್ಲಿ ನಿಂತಿದ್ದ ಶಾಮಲಾ ಒಂದು ಹೆಜ್ಜೆ ಮುಂದಿಟ್ಟಾಗ, ಎಂಬತ್ತರ ಹತ್ತಿರ ಬಂದ ಆ ಮುದುಕಿ ಕೈ ಅಡ್ಡ ಹಿಡಿದು ಬೇಡವೆಂದಳು. ಕೊನೆಗೆ ವಾಷಿಂಗ್ ಮಷೀನು ಹಿಡಿದುಕೊಂಡು, ಹಲ್ಲು ಕಚ್ಚಿ, ಹೇಗೋ ಎದ್ದು ನಿಂತಳು. ಅಂದು ಅವಳು ಅಡುಗೆ ಮಾಡಲಿಲ್ಲ. ಬಾಳೆಹಣ್ಣು ತಿಂದು ಹಾಲು ಕುಡಿದು ಗೋಡೆಯ ಕಡೆ ಮುಖ ಮಾಡಿ ಮಲಗಿದಳು.

ಇನ್ನು ಇದು ಮುಗಿಯಿತು ಎಂದು ಶಾಮಲಾಗೆ ಅನ್ನಿಸಿತು. ಕೈ ಏಳದಿದ್ದರೆ ಮಡಿ ಎಲ್ಲಿಯದು? ಇನ್ನು ಈ ಮನೆಯಲ್ಲಿ ಯಾರೂ ಯಾರನ್ನೂ ಮುಟ್ಟಬೇಡ ಎನ್ನುವುದಿಲ್ಲ.

ಅವಳಿಗೆ ಮಡಿಯ ಮೇಲೆ ಅಷ್ಟು ಸಿಟ್ಟೇಕೆ ಎಂದರೆ, ಅದಕ್ಕೆ ಕಾರಣವಿತ್ತು. ಮಗಳು ಹರ್ಷದಾ ಹುಟ್ಟುವುದಕ್ಕೆ ಮೊದಲು ಅವರು ನಾರಾಯಣ ಪೇಟೆಯ, ಹತ್ತಾರು ಬಿಡಾರಗಳಿದ್ದ ಒಂದು ಹಳೆಯ ವಾಡೆಯಲ್ಲಿ ಬಾಡಿಗೆಗಿದ್ದರು. ಶಾಮಲಾ ಚೊಚ್ಚಲ ಬಸುರಿ, ಆರು ತಿಂಗಳು ತುಂಬಿತ್ತು. ಒಂದು ಬೆಳಿಗ್ಗೆ ಹೊಟ್ಟೆಯಲ್ಲಿ ಚಳಕು ಬಂದು ಅಡುಗೆಮನೆಯ ಮುಂದೆಯೇ ಕುಸಿದಳು. ಶ್ರೀನಾಥ ಆಗಲೇ ಭೋಸರಿಯ ಕಾರ್ಖಾನೆಗೆ ಹೋಗಿದ್ದ. ಕಾಲ ಕೆಳಗೆ ಬಿಸಿಯಾಗಿ ಏನೋ ಹರಿಯುತ್ತಿತ್ತು. ಅವಳು ಕೈಚಾಚಿ ಎತ್ರಿ ಎಂದಳು. ಅವ್ವಮ್ಮ ಹೊಸ್ತಿಲ ಆಚೆ ನಿಂತಿದ್ದಳು, ಕೈಯಲ್ಲಿ ಸೌಟು. ನಾ ಮಡ್ಯಾಗ ಇದ್ದೀನಿ ಎಂದಳು. ಅಷ್ಟೇ ಅಂದದ್ದು. ಆಮೇಲೆ ಕಿಟಕಿಗೆ ಹೋಗಿ ಕೆಳಮನೆಯ ಮರಾಠಿ ಹೆಂಗಸು ಕಾಕೂಳನ್ನು ಕೂಗಿದಳು. ಕಾಕೂ ಕಾಯಿಪಲ್ಯದ ಮಂಡಿಗೆ ಹೋಗಿದ್ದವಳು ಬರುವುದರಲ್ಲಿ ಹೊತ್ತಾಯಿತು. ಆ ಹೊತ್ತಿಡೀ ಶಾಮಲಾ ನೆಲದ ಮೇಲಿದ್ದಳು, ಅತ್ತೆ ಹೊಸ್ತಿಲ ಆಚೆ ಇದ್ದಳು. ಮಗು ಉಳಿಯಲಿಲ್ಲ. ಬೇಗ ಬಂದಿದ್ದರೂ ಉಳಿಯುತ್ತಿರಲಿಲ್ಲವೇನೋ ಎಂದು ಡಾಕ್ಟರು ಹೇಳಿದರು. ಆ ಮಾತಿನಿಂದ ಅವಳಿಗೆ ಯಾವ ಸಮಾಧಾನವೂ ಬೇಕಿರಲಿಲ್ಲ.

ಅದಾದ ಮೇಲೆ ಇಬ್ಬರ ನಡುವೆ ಜಗಳವೇನೂ ನಡೆಯಲಿಲ್ಲ. ಜಗಳವಾಡಿದ್ದರೆ ಒಂದು ದಿನ ಮುಗಿಯುತ್ತಿತ್ತೋ ಏನೋ. ಶಾಮಲಾ ಸೊಸೆ ಮಾಡಬೇಕಾದದ್ದನ್ನೆಲ್ಲ ಮಾಡಿದಳು, ಅವ್ವಮ್ಮನ ಜ್ವರಕ್ಕೆ ಕಷಾಯ ಕಾಸಿದಳು, ಕಣ್ಣಿನ ಆಪರೇಷನ್ನಿಗೆ ಜೊತೆಗೆ ಹೋದಳು. ಆದರೆ ಅಂದು ಚಾಚಿದ ಕೈಯನ್ನು ಮತ್ತೆಂದೂ ಆ ಮುದುಕಿಯ ಕಡೆಗೆ ಚಾಚಲಿಲ್ಲ. ಏನೇ ಬೇಕಾದರೂ ಅವಳನ್ನು ಕೇಳಬಾರದು, ಇದನ್ನೊಂದು ವ್ರತದಂತೆ ಪಾಲಿಸಿದಳು.

ಸೀರೆ ಬಿದ್ದ ಮೂರು ದಿನಕ್ಕೆ ಶ್ರೀನಾಥ ತಾಯಿಯನ್ನು ಡಾಕ್ಟರ ಬಳಿ ಕರೆದೊಯ್ದ. ಎಲುಬು ಮುರಿದಿರಲಿಲ್ಲ, ಭುಜ ತಪ್ಪಿರಲಿಲ್ಲ. ಮೈಯಲ್ಲಿ ಮಾಂಸಖಂಡವೇ ಉಳಿದಿಲ್ಲ, ಎತ್ತುವುದು ಯಾವುದರಿಂದ, ಎಂದು ಆ ಮರಾಠಿ ಡಾಕ್ಟರಮ್ಮ ಕೇಳಿದರು. ಜೊತೆಗೆ ಹೋಗಿದ್ದ ಶಾಮಲಾಳ ಎಲುಬನ್ನೂ ಪರೀಕ್ಷೆ ಮಾಡಿಸಿ, ಸೊಸೆಯ ಎಲುಬು ಅತ್ತೆಯ ಎಲುಬಿಗಿಂತ ಹೆಚ್ಚೇನೂ ಗಟ್ಟಿಯಿಲ್ಲ, ಗುಳಿಗೆಯ ಜೊತೆ ಭಾರ ಎತ್ತುವ ವ್ಯಾಯಾಮ ಇಬ್ಬರೂ ಮಾಡಬೇಕು ಎಂದು ಬರೆದುಕೊಟ್ಟರು. ಶಾಮಲಾ ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ನಸುಕಿನಿಂದ ಮಲಗುವವರೆಗೆ ನಿಂತೇ ಇರುವ ಹೆಂಗಸಿಗೆ ವ್ಯಾಯಾಮ ಬೇರೆ ಮಾಡು ಎನ್ನುವುದು ಅವಳಿಗೆ ಅಪಹಾಸ್ಯದಂತೆ ಕೇಳಿತು. ಮನೆಗೆಲಸವೇ ವ್ಯಾಯಾಮ ಎಂದು ನಂಬಿದ ಹೆಂಗಸರ ಸಂಖ್ಯೆ ಈ ಊರಲ್ಲೂ ಆ ಊರಲ್ಲೂ ಕಡಿಮೆಯಿಲ್ಲ. ಕೆಲಸ ಮೈಯನ್ನು ದಣಿಸುತ್ತದೆ, ಆದರೆ ದಣಿದ ಮೈಯೆಲ್ಲ ಗಟ್ಟಿಯಾಗುವುದಿಲ್ಲ. ಅದನ್ನು ಅವರಿಗೆ ಹೇಳಿದವರಾದರೂ ಯಾರು?

ಮನೆಗೆ ಬಂದ ಮೇಲೆ ಶ್ರೀನಾಥ ಮೆತ್ತಗೆ ಮಾತು ತೆಗೆದ. ಅಡುಗೆಗೆ ಒಬ್ಬ ಹೆಂಗಸನ್ನು ಇಟ್ಟುಕೊಳ್ಳೋಣ, ಈ ವಯಸ್ಸಿನಲ್ಲಿ ಮಡಿ ಬಿಟ್ಟರೆ ದೇವರೇನೂ ಸಿಟ್ಟಾಗುವುದಿಲ್ಲ ಎಂದ. ಅವ್ವಮ್ಮ ಮೊಮ್ಮಗಳ ಕಡೆ ತಿರುಗಿದಳು.

ಹರ್ಷದಾ ಕರ್ವೆ ರಸ್ತೆಯ ಒಂದು ಹೆಂಗಸರ ಜಿಮ್ಮಿನಲ್ಲಿ ಕೋಚ್. ಕಾಲೇಜು ಮುಗಿಸಿದ ಹುಡುಗಿ ಕಬ್ಬಿಣ ಎತ್ತಿಸುವ ಕೆಲಸ ಹಿಡಿದಳೆಂದು ನೆಂಟರಿಷ್ಟರು ಮೂಗು ಮುರಿದಿದ್ದರು. ಇವಳನ್ನು ಯಾರು ಮಾಡಿಕೊಳ್ಳುತ್ತಾರೆ ಎಂದು ಬೆಳಗಾವಿಯ ಸೋದರತ್ತೆ ಫೋನಿನಲ್ಲಿ ಮರುಗಿದ್ದಳು. ಅವ್ವಮ್ಮನೂ ಆವರೆಗೆ ಅದನ್ನು ಕೆಲಸವೆಂದು ಎಣಿಸಿರಲಿಲ್ಲ.

"ಹರ್ಷದಾ," ಎಂದಳು, "ಈ ಕೈ ಮತ್ತ ಮ್ಯಾಲೆ ಹೋಗ್ತದೇನು?"

"ಹೋಗ್ತದ ಅಜ್ಜಿ. ಆದರ ನಾ ಹೇಳಿದ್ದು ಮಾಡಬೇಕು. ಹೇಳಿದ್ದು ತಿನ್ನಬೇಕು."

ಮಾಡುವುದಕ್ಕೆ ಮುದುಕಿ ತಕ್ಷಣ ಒಪ್ಪಿದಳು. ತಿನ್ನುವುದೇ ದೊಡ್ಡ ತಕರಾರಾಯಿತು. ನಡುಹರೆಯದಲ್ಲಿ ಗಂಡ ಸತ್ತಂದಿನಿಂದ ಅವಳದು ಒಪ್ಪತ್ತಿನ ಊಟ. ರಾತ್ರಿ ಒಂದಿಷ್ಟು ಅವಲಕ್ಕಿಯೋ ಹಾಲೋ, ಏಕಾದಶಿಗೆ ಅದೂ ಇಲ್ಲ. ಅವ್ವಮ್ಮನ ಊಟ ಗುಬ್ಬಿಯಷ್ಟು ಎಂದು ಇಡೀ ಬಳಗ ಅಭಿಮಾನದಿಂದ ಹೇಳಿಕೊಳ್ಳುತ್ತಿತ್ತು. ಮನೆಯ ಹೆಂಗಸು ಕಡಿಮೆ ತಿಂದಷ್ಟೂ ಮನೆತನದ ಮರ್ಯಾದೆ ಹೆಚ್ಚುತ್ತದೆ ಎನ್ನುವ ಈ ಲೆಕ್ಕ ಯಾವ ಪುಣ್ಯಾತ್ಮ ಹಾಕಿಕೊಟ್ಟನೋ, ಅವನು ಮಾತ್ರ ಹೊಟ್ಟೆ ತುಂಬ ಉಂಡೇ ಹಾಕಿರಬೇಕು. ಹರ್ಷದಾ ಸಿಟ್ಟು ಮಾಡಲಿಲ್ಲ. ರಾತ್ರಿಯ ಊಟ ಬೇಡವೆಂದರೆ ಬೇಡ, ಫಲಾರದಲ್ಲಿ ಹುರಿದ ಶೇಂಗಾ, ಮೊಸರು, ನೆನೆಸಿದ ಹೆಸರುಕಾಳು ಸೇರಿಸೋಣ, ಮಧ್ಯಾಹ್ನದ ತೊವ್ವೆ ಎರಡು ಸೌಟು ಹೆಚ್ಚಾಗಲಿ ಎಂದು ಚೌಕಾಸಿ ಮಾಡಿದಳು. ಏಕಾದಶಿಗೆ ವ್ಯಾಯಾಮಕ್ಕೂ ರಜೆ. ಅವ್ವಮ್ಮ ಹೂಂ ಎಂದಳು.

ಹೀಗೆ ಶುರುವಾಯಿತು. ಊಟ ಮುಗಿದು ಮಡಿ ಇಳಿದ ಮೇಲೆ, ಬಿಸಿಲು ಇಳಿಯುವ ಹೊತ್ತಿಗೆ, ಹಾಲಿನಲ್ಲಿ ಕುರ್ಚಿ ಹಾಕಿ ಅಜ್ಜಿ ಮೊಮ್ಮಗಳು ನಿಲ್ಲುವರು. ಮೊದಲ ದಿನಗಳಲ್ಲಿ ಕೆಲಸವೆಂದರೆ ಕುರ್ಚಿಯಿಂದ ಕೈ ಊರದೆ ಏಳುವುದು, ಮತ್ತೆ ಮೆಲ್ಲಗೆ ಕೂಡುವುದು. ಎದ್ದಾಗ ಉಸಿರು ಬಿಡು, ಬೆನ್ನು ನೆಟ್ಟಗಿರಲಿ, ಭಾರ ಹಿಮ್ಮಡಿಯ ಮೇಲೆ ಎಂದು ಹುಡುಗಿ ಹೇಳುತ್ತಿದ್ದಳು. ಮುದುಕಿ ಅದನ್ನು ಮಂತ್ರದಂತೆ ಬಾಯಲ್ಲಿ ಹೇಳಿಕೊಂಡು ಮಾಡುತ್ತಿದ್ದಳು. ಆಮೇಲೆ ಎರಡು ಕೈಗೆ ಎರಡು ನೀರು ತುಂಬಿದ ತಂಬಿಗೆ ಬಂದವು. ತಂಬಿಗೆ ಸಾಲದಾದಾಗ ಶ್ರೀನಾಥ ಭೋಸರಿಯಿಂದ ಗುಂಡಗೆ ಕಡೆದ ಕಬ್ಬಿಣದ ತುಂಡುಗಳನ್ನು ತಂದ. ತಾನು ಇಷ್ಟು ವರ್ಷ ಅಳತೆ ನೋಡುತ್ತಿದ್ದ ಸರಕು ಒಂದು ದಿನ ತಾಯಿಯ ಕೈ ಸೇರೀತೆಂದು ಅವನು ಕನಸಿನಲ್ಲೂ ಎಣಿಸಿರಲಿಕ್ಕಿಲ್ಲ. ಮುಗಿದ ಮೇಲೆ ಅವ್ವಮ್ಮ ಆ ತುಂಡುಗಳನ್ನು ತೊಳೆದು ಒರೆಸಿ ಇಡುತ್ತಿದ್ದಳು.

ಶಾಮಲಾ ಇದನ್ನೆಲ್ಲ ಕಾಯಿಪಲ್ಯ ಹೆಚ್ಚುತ್ತ ನೋಡುತ್ತಿದ್ದಳು. ಹರ್ಷದಾ ಅವಳನ್ನೂ ಕರೆದಳು. ಅವಳು ತಲೆಯಲ್ಲಾಡಿಸಿದಳು. ದಿನಾ ಕರೆದಳು. ಒಂದು ದಿನ ಅವ್ವಮ್ಮ ಮಲಗಿದ್ದಾಗ ಶಾಮಲಾ ಮಗಳನ್ನು ಬಾಲ್ಕನಿಗೆ ಕರೆದುಕೊಂಡು ಹೋದಳು. ನಾರಾಯಣ ಪೇಟೆಯ ಆ ಬೆಳಗಿನ ವಿಷಯ ಹರ್ಷದಾಗೆ ಅರ್ಧಂಬರ್ಧ ಗೊತ್ತಿತ್ತು. ಹೊಸ್ತಿಲು, ಸೌಟು, ಕಿಟಕಿ, ಎಲ್ಲವನ್ನೂ ಶಾಮಲಾ ಅಂದು ಮೊದಲ ಸಲ ಪೂರ್ತಿಯಾಗಿ ಹೇಳಿದಳು. ಹೇಳುವಾಗ ಅವಳ ದನಿ ಏರಲಿಲ್ಲ.

"ತಾನಾಗೇ ಹೋಗಲಿಕ್ಕತ್ತಿತ್ತು ಆ ಮಡಿ," ಎಂದಳು. "ನೀ ಅದಕ್ಕ ಶಕ್ತಿ ತುಂಬಿ ನಿಂದರಸಲಿಕ್ಕತ್ತಿ."

ಹರ್ಷದಾಗೆ ತನಗಿಂತ ಮೊದಲು ಒಂದು ಮಗುವಿತ್ತು ಎನ್ನುವುದು ಗೊತ್ತಿದ್ದ ಮಾತು, ತಾಯಿ ನೆಲದ ಮೇಲೆ ಎಷ್ಟು ಹೊತ್ತು ಬಿದ್ದಿದ್ದಳು ಎನ್ನುವುದು ಗೊತ್ತಿರಲಿಲ್ಲ.

"ನಾ ಮಡಿಗೆ ತುಂಬಲಿಕ್ಕತ್ತಿಲ್ಲಮ್ಮಾ. ಅಜ್ಜಿಗೆ ತುಂಬಲಿಕ್ಕತ್ತೀನಿ. ನೀ ಬಂದರ ನಿನಗೂ ತುಂಬತೀನಿ."

ಶಾಮಲಾ ಹೋಗಲಿಲ್ಲ. ಮಳೆಗಾಲ ಕಳೆಯಿತು, ಗಣಪತಿ ಬಂದು ಹೋದ. ಅಷ್ಟು ದಿನ ಅವ್ವಮ್ಮ ಹಾಲು ಹಣ್ಣು ಮತ್ತು ತಾನೇ ಕೂತು ಬೇಯಿಸಿಕೊಳ್ಳಬಹುದಾದ ಅನ್ನ ತೊವ್ವೆಯಲ್ಲಿ ಕಾಲ ಹಾಕಿದಳು. ಮಡಿಗೆ ಸೀರೆಯ ಬದಲು ದಿನಾ ಅದ್ದಿ ಹಿಂಡಬೇಕಿಲ್ಲದ ಹಗುರವಾದ ಧಾವಳಿ ವಸ್ತ್ರ ಉಡುತ್ತಿದ್ದಳು, ಆದರೆ ಅದು ಅವಳ ಮನಸ್ಸಿಗೆ ಒಪ್ಪಿರಲಿಲ್ಲ. ಕಾರ್ತಿಕದ ಒಂದು ಬೆಳಿಗ್ಗೆ ಸೀರೆ ಅದ್ದಿ ಹಿಂಡಿ ಕೋಲಿಗೆ ಸಿಕ್ಕಿಸಿದಳು. ಒಂದು ಕ್ಷಣ ಕಾಲು ಅಗಲಿಸಿ ನಿಂತಳು. ಉಸಿರು ಬಿಡುತ್ತ ಎತ್ತಿದಳು. ಕೋಲು ನಡುಗಲಿಲ್ಲ. ಸೀರೆ ಗಳದ ಮೇಲೆ ಹರವಿಕೊಂಡು ಟಪಟಪ ನೀರು ಸುರಿಸಿತು.

ಅವ್ವಮ್ಮ ತಿರುಗಿ ನೋಡಿದಾಗ ಸೊಸೆ ಬಚ್ಚಲಿನ ಬಾಗಿಲಲ್ಲಿದ್ದಳು. ಮುದುಕಿ ಏನೋ ಹೇಳಲು ಬಾಯಿ ತೆರೆದಳು. ಶಾಮಲಾ ಬೆನ್ನು ತಿರುಗಿಸಿ ಹಾಲಿಗೆ ನಡೆದಳು. ಅಂದು ಅವಳಿಗೆ ಅಳು ಬಂತು. ತಾನು ಇಷ್ಟು ದಿನ ಒಬ್ಬ ಮುದುಕಿಯ ಕೈ ಸೋಲಲಿ ಎಂದು ಕಾಯುತ್ತಿದ್ದೆನಲ್ಲ ಎಂದು ನಾಚಿಕೆಯೂ ಆಯಿತು. ಆದರೆ ನಾಚಿಕೆಯಾದ ಮಾತ್ರಕ್ಕೆ ಸಿಟ್ಟು ಹೋಗಲಿಲ್ಲ.

ಸಂಕ್ರಾಂತಿ ಕಳೆದ ಮೇಲಿನ ಒಂದು ದಿನ. ಶ್ರೀನಾಥ ಭೋಸರಿಗೆ, ಹರ್ಷದಾ ಜಿಮ್ಮಿಗೆ ಹೋಗಿಯಾಗಿತ್ತು. ಅವ್ವಮ್ಮ ಮಡಿಯುಟ್ಟು ಒಲೆಯ ಮುಂದಿದ್ದಳು. ಗಳದ ಮೇಲಿನ ಸೀರೆಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಆ ನೀರು ನಿಂತು ನೆಲ ಒರೆಸುವವರೆಗೆ ಶಾಮಲಾ ಅತ್ತ ಕಾಲಿಡುವವಳಲ್ಲ. ಆದರೆ ಅಂದು ಮಷೀನಿಗೆ ಬಟ್ಟೆ ಹಾಕುವುದು ಮರೆತಿತ್ತು. ಸೆರಗು ಒತ್ತಿ ಹಿಡಿದು, ಸೀರೆಯ ಕೆಳಗಿಂದ ಬಗ್ಗಿ ನುಸುಳಿ ಹೋಗಿ ಬಟ್ಟೆ ತುಂಬಿದಳು. ಅಷ್ಟರಲ್ಲಿ ಹಾಲಿನಲ್ಲಿ ಫೋನು ಬಡಿದುಕೊಳ್ಳತೊಡಗಿತು. ಅವಸರದಲ್ಲಿ ತಿರುಗಿದಳು. ಕಾಲು ಜಾರಿತು. ಬೀಳುವಾಗ ಎಲ್ಲರೂ ಮಾಡುವಂತೆ ಕೈ ಊರಿದಳು. ಮಣಿಕಟ್ಟಿನಲ್ಲಿ ಒಣಕಟ್ಟಿಗೆ ಮುರಿದ ಸದ್ದಾಯಿತು.

ಕಣ್ಣು ಕತ್ತಲಿಟ್ಟು ಮತ್ತೆ ಬೆಳಕು ಬಂದಾಗ ಅವಳು ಅಂಗಾತ ಬಿದ್ದಿದ್ದಳು. ಹುಬ್ಬಿನ ಮೇಲಿಂದ ರಕ್ತ ಇಳಿದು ಕಿವಿಗೆ ಬರುತ್ತಿತ್ತು. ಬಲಗೈ ತನ್ನದಲ್ಲ ಎನ್ನುವಂತೆ ಸೊಟ್ಟಗೆ ಬಿದ್ದಿತ್ತು. ಎಡಗೈ ಊರಿದರೆ ನೀರಿನಲ್ಲಿ ಜಾರುತ್ತಿತ್ತು. ಎರಡು ಸಲ ಏಳಲು ನೋಡಿದಳು, ಎರಡು ಸಲವೂ ತಲೆ ನೆಲಕ್ಕೆ ಬಡಿಯಿತು. ಫೋನು ಬಡಿದುಕೊಂಡು ಸುಮ್ಮನಾಯಿತು. ಮೇಲೆ ಗಳದಿಂದ ಒಂದೊಂದೇ ಹನಿ ಅವಳ ಎದೆಯ ಮೇಲೆ ಬೀಳುತ್ತಿತ್ತು.

ಆಗ ಅಡುಗೆಮನೆಯ ಬಾಗಿಲಲ್ಲಿ ಅವ್ವಮ್ಮ ಬಂದು ನಿಂತಳು. ಕೈಯಲ್ಲಿ ಸೌಟು.

ಶಾಮಲಾಗೆ ಈ ನಡುವಿನ ವರ್ಷಗಳೆಲ್ಲ ಅಳಿಸಿಹೋದಂತಾಯಿತು. ಅದೇ ಹೊಸ್ತಿಲು, ಅದೇ ಮುಖ, ಅದೇ ನಿಲುವು. ತಾನು ಮಾತ್ರ ಮುದುಕಿಯಾಗಿದ್ದಳು. ಅವಳು ಕೈಚಾಚಲಿಲ್ಲ. ಕಣ್ಣು ಮುಚ್ಚಿಕೊಂಡಳು.

"ನೀವು ಮಡ್ಯಾಗ ಇದ್ದೀರಿ," ಎಂದಳು. "ಬಾಗಲಾ ತಗದು ಯಾರನ್ನರೆ ಕರೀರಿ."

ಗ್ಯಾಸು ಆರಿಸಿದ ಸದ್ದು ಕೇಳಿತು, ಸೌಟನ್ನು ಕಟ್ಟೆಯ ಮೇಲಿಟ್ಟ ಸದ್ದು ಕೇಳಿತು. ಆಮೇಲೆ ಒದ್ದೆ ನೆಲದ ಮೇಲೆ ಬರಿಗಾಲಿನ ಹೆಜ್ಜೆ. ಹಣೆಯ ಮೇಲೆ ಒಂದು ಒರಟು ಅಂಗೈ ಕೂತು ರಕ್ತ ಒರೆಸಿದಾಗ ಶಾಮಲಾ ಕಣ್ಣು ಬಿಟ್ಟಳು. ಅವ್ವಮ್ಮ ಮಡಿಸೀರೆಯ ಸೆರಗಿನಿಂದಲೇ ಒರೆಸುತ್ತಿದ್ದಳು.

"ಕಾಲು ಅಲ್ಲಾಡಸು. ಟೊಂಕ ನೋಯ್ತದೇನು?"

ಟೊಂಕ ನೋಯುತ್ತಿರಲಿಲ್ಲ. ಕಾಲು ಅಲ್ಲಾಡಿದವು. ಅವ್ವಮ್ಮ ಮುರಿದ ಕೈಯನ್ನು ಮೆಲ್ಲಗೆ ಎತ್ತಿ ಶಾಮಲಾಳ ಎದೆಗೇ ಒತ್ತಿ, ಅವಳ ಸೆರಗಿನಿಂದ ಸುತ್ತಿ ಬಿಗಿದಳು. ಒಣ ಗೋಣಿತಾಟು ತಂದು ಕಾಲ ಕೆಳಗೆ ಹಾಸಿದಳು, ಒಂದು ಸ್ಟೂಲು ಎಳೆದು ಪಕ್ಕದಲ್ಲಿಟ್ಟಳು. ಆಮೇಲೆ ಹಿಂದೆ ಹೋಗಿ ಕುಕ್ಕರುಗಾಲಿನಲ್ಲಿ ಕೂತು, ಸೊಸೆಯ ಎರಡೂ ಕಂಕುಳ ಕೆಳಗೆ ಕೈ ತೂರಿಸಿ ತಬ್ಬಿದಳು. ಶಾಮಲಾಳ ಬೆನ್ನಿಗೆ ಆ ಮುದುಕಿಯ ಎದೆ ತಾಗಿತು. ಇಷ್ಟು ವರ್ಷ ಒಂದೇ ಸೂರಿನ ಕೆಳಗಿದ್ದು, ಆ ಎದೆಯ ಬಡಿತ ಹೀಗಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

"ನಾ ಉಸರು ಬಿಟ್ಟಾಗ ನೀನೂ ಬಿಡು. ಹಿಮ್ಮಡಿ ಊರು. ನಾ ಬಿಡೂದಿಲ್ಲ."

ಮೊದಲು ಕೂಡಿಸಿದಳು. ತಲೆ ಸುತ್ತುವುದು ನಿಲ್ಲುವವರೆಗೆ ಹಾಗೆಯೇ ಆತು ಹಿಡಿದಳು. ಎರಡನೆಯ ಸಲಕ್ಕೆ ಸ್ಟೂಲಿನ ಮೇಲೆ. ಮೂರನೆಯ ಸಲಕ್ಕೆ ಇಬ್ಬರೂ ನಿಂತಿದ್ದರು. ಅವ್ವಮ್ಮನ ಕೈ ಎಲ್ಲಿಯೂ ನಡುಗಲಿಲ್ಲ. ಹಾಗೆಯೇ ಸೊಂಟ ಬಳಸಿ ಹಿಡಿದು ಹಾಲಿನವರೆಗೆ ನಡೆಸಿ, ಬಾಗಿಲ ಚಿಲಕ ತೆಗೆದು, ಕೆಳಗಿನ ವಾಚ್‌ಮನ್ನನಿಗೆ ತನ್ನ ಹರಕು ಮರಾಠಿಯಲ್ಲಿ ರಿಕ್ಷಾ ತರಲು ಕೂಗಿದಳು. ಅದೇ ಸೀರೆಯಲ್ಲಿ, ರಕ್ತದ ಕಲೆಯೊಂದಿಗೆ, ರಿಕ್ಷಾದಲ್ಲಿ ಸೊಸೆಯ ಪಕ್ಕ ಕೂತಳು. ಮಡಿಸೀರೆಯುಟ್ಟು ಅವಳು ಮನೆಯ ಹೊಸ್ತಿಲು ದಾಟಿದ್ದು ಅದೇ ಮೊದಲು. ಕೃಷ್ಣ ಅಂದು ನೈವೇದ್ಯವಿಲ್ಲದೆ ಕೂತ.

ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು, ಹುಬ್ಬಿಗೆ ಹೊಲಿಗೆ ಹಾಕಿದರು. ಪ್ಲಾಸ್ಟರು ಹಾಕುವ ಡಾಕ್ಟರು ಬರುವವರೆಗೆ ಕಾಯಿರಿ ಎಂದು ಹೊರಗಿನ ಕಬ್ಬಿಣದ ಬೆಂಚಿನ ಮೇಲೆ ಕೂಡಿಸಿದರು. ಶ್ರೀನಾಥ ನಾಶಿಕ ಫಾಟಾದ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದಿದ್ದ. ಹರ್ಷದಾ ಹೊರಟಿದ್ದಳು. ಜನ ಅವ್ವಮ್ಮನ ಮೊಣಕಾಲಿಗೆ ತಾಗಿಕೊಂಡೇ ಓಡಾಡುತ್ತಿದ್ದರು. ಅವಳು ಕಾಲು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

ನೋವಿನ ಇಂಜೆಕ್ಷನ್ನು ಹತ್ತಿದ ಮಂಪರಿನಲ್ಲಿ ಶಾಮಲಾ ಗೋಡೆಗೆ ತಲೆಯಾನಿಸಿದ್ದಳು. ಒಂದೇ ಮಾತು ಅವಳೊಳಗೆ ಕುದಿಯುತ್ತಿತ್ತು. ಇಂದು ಕೆಟ್ಟರೂ ಪರವಾಗಿಲ್ಲ ಎನ್ನಿಸಿದ ಮಡಿ, ಅಂದು ಮಾತ್ರ ಏಕೆ ಅಷ್ಟು ದೊಡ್ಡದಾಗಿತ್ತು? ಕೇಳಬಾರದೆಂದುಕೊಂಡಳು. ಅವಳು ಕೇಳಬೇಕಾಗಿ ಬರಲಿಲ್ಲ.

"ಅವತ್ತ ಮಡಿ ಅಂದಿದ್ದು ಸುಳ್ಳು, ಶಾಮಲಾ," ಎಂದಳು ಅವ್ವಮ್ಮ.

ಅವಳು ಎದುರಿನ ಗೋಡೆ ನೋಡುತ್ತಿದ್ದಳು. ಅಂದು ದ್ವಾದಶಿಯಾಗಿತ್ತು ಎಂದಳು. ಹಿಂದಿನ ದಿನ ನಿರಾಹಾರ, ಇನ್ನೂ ಪಾರಣೆಯ ಅಡುಗೆ ಆಗುತ್ತಿತ್ತು, ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ನಸುಕಿನಲ್ಲಿ ನೀರಿನ ಕೊಡ ಎತ್ತಲು ಹೋಗಿ ಅದು ಕೈಯಿಂದ ಜಾರಿ ಕಾಲ ಮೇಲೆ ಬಿದ್ದಿತ್ತು.

"ನಿನ್ನ ಎತ್ತಿ ನಡುವ ಕೈ ಬಿಟ್ಟರ ಏನು ಗತಿ ಅಂತ ಹೆದರಿದೆ. ಹೊಟ್ಟ್ಯಾಗ ಕೂಸು ಇತ್ತು. ನನ್ನ ಕಡೆ ಆಗೂದಿಲ್ಲ ಅನ್ನಲಿಕ್ಕೆ ನಾಚಿಕಿ ಬಂತು. ಮಡಿ ಅಂದರ ಯಾರೂ ಮುಂದ ಏನೂ ಕೇಳೂದಿಲ್ಲ."

ಶಾಮಲಾ ಗೋಡೆಯಿಂದ ತಲೆ ಎತ್ತಿದಳು. ಇಷ್ಟು ವರ್ಷ ತಾನು ಸಿಟ್ಟು ಮಾಡಿದ್ದು ಯಾವುದರ ಮೇಲೆ? ಒಂದು ಸೀರೆ, ಒಂದು ಗಳ, ಒಂದು ಹೊಸ್ತಿಲು. ಅದರ ಹಿಂದೆ ನಿಂತಿದ್ದದ್ದು ತನಗಿಂತ ಹೆಚ್ಚು ಹೆದರಿದ್ದ ಒಂದು ಹೆಣ್ಣು. ಅದನ್ನು ಒಮ್ಮೆ ಹೇಳಿದ್ದರೆ ಮಗು ಬದುಕುತ್ತಿರಲಿಲ್ಲ, ನಿಜ. ಆದರೆ ತಾವಿಬ್ಬರೂ ಒಟ್ಟಿಗೆ ಅಳಬಹುದಾಗಿತ್ತು.

"ಆಗ ಒಂದು ಮಾತು ಹೇಳಬೇಕಿತ್ತರಿ," ಎಂದಳು.

"ಏನಂತ ಹೇಳಲಿ?" ಅವ್ವಮ್ಮ ಮೊದಲ ಸಲ ಅವಳ ಕಡೆ ತಿರುಗಿದಳು. "ಹಸದಿದ್ದೆ ಅಂತ ಹೇಳಲೇನು?"

ಆ ಮನೆತನದಲ್ಲಿ, ಆ ಕಾಲದಲ್ಲಿ, ಒಬ್ಬ ವಿಧವೆ ಬಾಯಿಬಿಟ್ಟು ಹೇಳಲಾಗದ ಮಾತು ಯಾವುದಾದರೂ ಇದ್ದರೆ ಅದೇ. ಶಾಮಲಾ ಎಡಗೈಯನ್ನು ಬೆಂಚಿನ ಮೇಲೆ ಅತ್ತೆಯ ಕಡೆಗೆ ಸರಿಸಿದಳು. ಅವ್ವಮ್ಮ ಅದನ್ನು ಹಿಡಿದುಕೊಂಡಳು. ಕಬ್ಬಿಣ ಹಿಡಿದು ಹಿಡಿದು ಆ ಅಂಗೈಯಲ್ಲಿ ಜಡ್ಡು ಕಟ್ಟಿತ್ತು. ಹರ್ಷದಾ ಓಡೋಡಿ ಬಂದಾಗಲೂ ಇಬ್ಬರೂ ಹಾಗೆಯೇ ಕೂತಿದ್ದರು. ಹುಡುಗಿ ಅಜ್ಜಿಯ ಸೀರೆಯ ಮೇಲಿನ ರಕ್ತ ನೋಡಿದಳು, ಹಿಡಿದ ಕೈ ನೋಡಿದಳು, ತಾಯಿಯ ಕಾಲ ಬಳಿ ನೆಲದ ಮೇಲೆ ಕೂತಳು.

ಪ್ಲಾಸ್ಟರು ಬಿಚ್ಚಿದಾಗ ಹೋಳಿ ಹುಣ್ಣಿಮೆ ಕಳೆದಿತ್ತು. ಒಳಗಿನಿಂದ ಹೊರಬಂದ ಕೈ ಶಾಮಲಾಳದೆಂದು ಅವಳೇ ನಂಬುವಂತಿರಲಿಲ್ಲ. ನುಗ್ಗೆಕಾಯಿಯಷ್ಟು ಸಣಕಲು, ತುಂಬಿದ ಲೋಟ ಹಿಡಿದರೆ ನಡುಕ. ಎಲುಬು ಕೂಡಿದೆ, ಇನ್ನು ಶಕ್ತಿ ನೀವೇ ಗಳಿಸಬೇಕು ಎಂದರು ಡಾಕ್ಟರು. ಈ ಸಲ ಅವಳು ಕಿವಿಗೊಟ್ಟು ಕೇಳಿದಳು. ಮಧ್ಯಾಹ್ನಗಳಲ್ಲಿ ಹಾಲಿನಲ್ಲಿ ಎರಡು ಕುರ್ಚಿ ಬಿದ್ದವು. ಅತ್ತೆ ಎತ್ತುವ ಕಬ್ಬಿಣ ಸೊಸೆಗೆ ಏಳುತ್ತಿರಲಿಲ್ಲ. ಅವಳ ಕೈಗೆ ಅತ್ತೆಯ ಹಳೆಯ ತಂಬಿಗೆಗಳು ಬಂದವು, ಅವೂ ಮೊದಮೊದಲು ಅರ್ಧ ನೀರಿನವು.

ಮಡಿ ನಿಲ್ಲಲಿಲ್ಲ. ನಿಲ್ಲಬೇಕೆಂದು ಶಾಮಲಾ ಈಗ ಕಾಯುತ್ತಲೂ ಇರಲಿಲ್ಲ. ಹಳೆಯ ಸಿಟ್ಟು ಒಮ್ಮೊಮ್ಮೆ ಹಸಿಯಾಗಿಯೇ ಏಳುತ್ತಿತ್ತು, ರೂಢಿ ಬಿದ್ದದ್ದು ಒಂದೇ ದಿನಕ್ಕೆ ಹೇಗೆ ಹೋದೀತು? ಸಿಟ್ಟು ಎದ್ದಾಗ ಅವಳು ಆಸ್ಪತ್ರೆಯ ಬೆಂಚಿನ ಮೇಲೆ ಅತ್ತೆ ಕೇಳಿದ ಪ್ರಶ್ನೆಯನ್ನು ನೆನೆಸಿಕೊಳ್ಳುತ್ತಿದ್ದಳು.

ಯುಗಾದಿಯ ಮುನ್ನಾದಿನ ಬೆಳಿಗ್ಗೆ ಅವ್ವಮ್ಮ ಡ್ರೈ ಬಾಲ್ಕನಿಯಿಂದ ಅವಳನ್ನು ಕೂಗಿದಳು. ಶಾಮಲಾ ಬಚ್ಚಲಿನ ಬಾಗಿಲಲ್ಲಿ ಬಂದು, ದಿನದಂತೆ ಅಲ್ಲಿಯೇ ನಿಂತಳು. ಅವ್ವಮ್ಮ ಹಿಂಡಿದ ಸೀರೆಯನ್ನು ಕೋಲಿನ ತುದಿಗೆ ಸಿಕ್ಕಿಸಿ, ಕೋಲನ್ನು ಅವಳ ಕಡೆಗೆ ಚಾಚಿದಳು.

"ಮಡಿ ಕೆಡ್ತದರಿ," ಎಂದಳು ಶಾಮಲಾ.

"ಕೆಟ್ಟರ ಇನ್ನೊಮ್ಮೆ ಜಾಲಸೂಣು. ನೀರೇನು ಕಡಿಮಿ ಅವ? ಹಿಡಿ."

ಶಾಮಲಾ ಹಿಡಿದಳು. ಕಾಲು ಅಗಲಿಸಿ ನಿಂತು, ಉಸಿರು ಬಿಡುತ್ತ ಎತ್ತಿದಳು. ಒದ್ದೆ ಸೀರೆ ಇಷ್ಟು ಭಾರವಿರುತ್ತದೆಂದು ಅವಳಿಗೆ ಇಷ್ಟು ವರ್ಷ ತಿಳಿದಿರಲಿಲ್ಲ. ಕೋಲು ಎದೆಯ ಮಟ್ಟ ದಾಟಿತು, ತಲೆಯ ಮಟ್ಟಕ್ಕೆ ಬಂತು, ಅಲ್ಲಿ ನಡುಗಿತು. ಸೀರೆ ಜಾರಿ ಇಬ್ಬರ ನಡುವೆ ನೆಲಕ್ಕೆ ಬಿತ್ತು.

ಅವಳು ತಲೆ ತಗ್ಗಿಸಿದಳು. ಅವ್ವಮ್ಮ ಬಿದ್ದ ಸೀರೆ ನೋಡಲಿಲ್ಲ. ಸೊಸೆಯ ಮುಖ ನೋಡುತ್ತಿದ್ದಳು.

"ಮುಂಜಾನಿಂದ ಏನರೆ ತಿಂದೀಯೇನು?"

ಶಾಮಲಾ ಯೋಚಿಸಿದಳು. ನಸುಕಿಗೆ ಎದ್ದು ಶ್ರೀನಾಥನ ಡಬ್ಬಿ ಕಟ್ಟಿದ್ದಳು, ಮಗಳಿಗೆ ತಿಂಡಿ ಕೊಟ್ಟಿದ್ದಳು, ಒಂದು ಬಟ್ಟಲು ಚಹಾ ಕುಡಿದಿದ್ದಳು. ಎಲ್ಲರದಾದ ಮೇಲೆ ತಿಂದರಾಯಿತು ಎಂದುಕೊಂಡಿದ್ದಳು. ಮದುವೆಯಾದಂದಿನಿಂದ ಹಾಗೆಯೇ ಅಂದುಕೊಳ್ಳುತ್ತಿದ್ದಳು. ಇಲ್ಲ ಎಂದಳು.

ಅವ್ವಮ್ಮ ಒಳಗೆ ಹೋದಳು. ಬೆಳಗಿನ ತಿಂಡಿಗೆ ಮಾಡಿದ್ದ ಒಂದು ಬಟ್ಟಲು ಹೆಸರುಕಾಳಿನ ಉಸಳಿ, ಒಂದು ಲೋಟ ಹಾಲು ತಂದಳು. ಹೊಸ್ತಿಲ ಮೇಲೆ ತಾನು ಕೂತು, ಪಕ್ಕದ ಜಾಗವನ್ನು ಅಂಗೈಯಿಂದ ತಟ್ಟಿದಳು. ಶಾಮಲಾ ಬಂದು ಕೂತಳು. ಮುದುಕಿ ಕೊನೆಯ ತುತ್ತು ಹೋಗಿ ಹಾಲು ಮುಗಿಯುವವರೆಗೆ ಕಾದಳು. ಮಡಿಯ ಅಡುಗೆಗೆ ಒಲೆ ಇನ್ನೂ ಹೊತ್ತಿರಲಿಲ್ಲ. ನೆಲದ ಮೇಲೆ ಸೀರೆ ಹಾಗೆಯೇ ಬಿದ್ದಿತ್ತು.

ಆಮೇಲೆ ಅವ್ವಮ್ಮ ಕೈ ಊರದೆ ಎದ್ದಳು. ಸೀರೆಯ ಒಂದು ತುದಿ ತಾನು ಹಿಡಿದು, ಇನ್ನೊಂದು ತುದಿಯನ್ನು ಸೊಸೆಯ ಕೈಗೆ ಕೊಟ್ಟಳು. ಇಬ್ಬರೂ ಸೇರಿ ಜಾಲಿಸಿದರು, ಸೇರಿ ಹಿಂಡಿದರು.

"ಈಗ ಎತ್ತು," ಎಂದಳು.